ಮರಜೇಡದ ಬಲೆ ಅಳತೆ: ಅಕ್ಟೋಬರ್ ಕೊನೆಯ ವಾರ

ಕಾಫಿ ತೋಟದ ಕಾಲುದಾರಿಗಳಲ್ಲಿ ದೈತ್ಯ ಮರಜೇಡದ ಹೆಣ್ಣುಗಳು ಈಗ ಪೂರ್ತಿ ಬಲಿತಿವೆ. ನೆಫಿಲಾ ಪಿಲಿಪೆಸ್ ಎಂದು ಕರೆಯುವ ಜಾತಿ ಇದು. ಕಾಲು ಬಿಟ್ಟು ಮೈಯುದ್ದವೇ 3ರಿಂದ 5 ಸೆಂ.ಮೀ.

ಈ ವಾರ ಮೆಕ್ಕೆಜೋಳದ ಹಿಟ್ಟು ಪೂರ್ತಿ ನಿಲ್ಲಿಸಿದ್ದೇವೆ. ಫೋಟೋದಲ್ಲಿ ಎಳೆ ಎದ್ದು ಕಾಣಲೆಂದು ಹಿಟ್ಟು ಉದುರಿಸುವುದು ಹಳೆಯ ರೂಢಿ. ದಿನಾ ಬಲೆ ಬಿಚ್ಚಿ ಹೊಸದು ನೇಯುವ ಜೇಡಕ್ಕಾದರೆ ಅದು ಒಂದೇ ದಿನದ ನಷ್ಟ. ಮರಜೇಡ ಬಲೆಯನ್ನು ದಿನಗಟ್ಟಲೆ ಇಟ್ಟುಕೊಂಡು, ಒಂದು ಸಲಕ್ಕೆ ಒಂದು ಪಾಲನ್ನಷ್ಟೇ ಹೊಸದು ಮಾಡುತ್ತದೆ. ಅಂಟಿನ ಮೇಲೆ ಹಿಟ್ಟು ಕೂತರೆ ಆ ಪಾಲಿಗೆ ಹುಳ ಅಂಟದು. ಫೋಟೋಗಾಗಿ ಜೇಡವನ್ನು ಉಪವಾಸ ಕೆಡವುವುದು ತಪ್ಪು.

ಬದಲಿಗೆ ಒಂದೂವರೆ ಮೀಟರ್ ಕಪ್ಪು ಬಟ್ಟೆಯನ್ನು ಎರಡು ಬಿದಿರುಕೋಲಿಗೆ ಕಟ್ಟಿ ಬಲೆಯ ಹಿಂದೆ ಹಿಡಿಯುತ್ತೇವೆ. ಬಟ್ಟೆ ಹೊಳೆಯಬಾರದು. ಬಲೆಯ ಹಿಂದೆ ಮುಂದೆ ಅಡ್ಡಾದಿಡ್ಡಿ ಕಾವಲು ಎಳೆಗಳಿರುತ್ತವೆ. ಮೊದಲು ಅವುಗಳ ಕೊನೆ ಹುಡುಕಿ, ಅದರಾಚೆಗೆ ಕೋಲು ಊರಬೇಕು. ಬೆಳಗಿನ ಓರೆ ಬಿಸಿಲು ಬದಿಯಿಂದ ಬಿದ್ದಾಗ ಬಂಗಾರದ ಬಣ್ಣ ತಾನಾಗಿ ಮೂಡುತ್ತದೆ. ಫೋಕಸ್ ಕೈಯಿಂದಲೇ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಹಿಂದಿನ ಎಲೆಗೆ ಹೋಗಿ ನಿಲ್ಲುತ್ತದೆ.

ಅಗಲ, ಎತ್ತರ ಎರಡೇ ಬರೆದರೆ ಬಲೆಯ ಆಕಾರ ಸಿಗದು. ಜೇಡ ಕೂರುವ ನಡು ಮೇಲಂಚಿಗೆ ಹತ್ತಿರ ಇರುತ್ತದೆ. ಆ ನಡುವಿನಿಂದ ಮೇಲೆ, ಕೆಳಗೆ, ಎಡ, ಬಲ ನಾಲ್ಕು ಅಳತೆ ಬೇಕು. ಕಾಲುದಾರಿ ತಿರುವಿನ ಬಲೆಯಲ್ಲಿ ಮೇಲಕ್ಕೆ 22 ಸೆಂ.ಮೀ., ಕೆಳಕ್ಕೆ 71. ಉಕ್ಕಿನ ಟೇಪು ಗಾಳಿಗೆ ಬಾಗಿ ಎಳೆಗೆ ತಾಗುತ್ತದೆ. ಸೆಂಟಿಮೀಟರ್ ಗುರುತು ಹಾಕಿದ ಮರದ ಪಟ್ಟಿಯೇ ವಾಸಿ.

ಬಲೆಯಲ್ಲಿ ಪಾದರಸದ ಹನಿಯಂತೆ ಹೊಳೆಯುವ ಪುಟ್ಟ ಜೇಡಗಳನ್ನು ಗಂಡೆಂದು ಎಣಿಸಬೇಡಿ. ಅವು ಆರ್ಗೈರೋಡಿಸ್, ಬೇಟೆ ಕದಿಯಲು ಬಂದವು. ಗಂಡು ಕೆಂಗಂದು, ಸುಮಾರು 5 ಮಿ.ಮೀ., ಹೆಚ್ಚಾಗಿ ಹೆಣ್ಣಿನ ಮೇಲ್ಭಾಗದಲ್ಲಿ ಕಾದಿರುತ್ತದೆ.

ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರು. ಬಲೆಗೆ ಎರಡು ಹೆಜ್ಜೆ ಮೊದಲೇ, ಭುಜದ ಎತ್ತರಕ್ಕೆ ಕೆಂಪು ರಿಬ್ಬನ್ ಕಟ್ಟುತ್ತಿದ್ದೇವೆ. ಬಲೆ ಹೊತ್ತ ಕೊಂಬೆಗೇ ಕಟ್ಟಬಾರದು: ಕೊಂಬೆ ಬಾಗಿದರೆ ಆಧಾರದ ಎಳೆ ಸಡಿಲಾಗಿ ಇಡೀ ಬಲೆ ಜೋಲುತ್ತದೆ.

ಬಲೆ ಖಾಲಿಯಾದರೆ ತಕ್ಷಣ 'ಸತ್ತಿದೆ' ಎಂದು ಬರೆಯಬೇಡಿ. ಮೊಟ್ಟೆ ಇಡಲು ಹೆಣ್ಣು ನೆಲಕ್ಕಿಳಿದು ಗುಳಿ ತೋಡಿ, ಮೇಲೆ ಮಣ್ಣು, ತರಗೆಲೆ ಮುಚ್ಚುತ್ತದೆ. ಅಂಥ ಬಲೆಯ ಕೆಳಗೆ ತರಗು ಗುಡಿಸುವುದನ್ನು ನಿಲ್ಲಿಸಿದ್ದೇವೆ.