ಮಾರಿಕಣಿವೆ ಹತ್ತಿರ ಎರಡು ರಾತ್ರಿ: ಫ್ರೀಜ್-ಡ್ರೈ ಊಟ ಕಟ್ಟಿಕೊಂಡು ಹೊರಡುವವರಿಗೆ

ನನ್ನ ತಮ್ಮ ಈ ಸಲ ಹಿಮಾಲಯದ ಚಾರಣಕ್ಕೆ ಹೆಸರು ಕೊಟ್ಟಿದ್ದಾನೆ. ಬ್ಯಾಗಿನ ಭಾರ ಕಡಿಮೆ ಆಗಲಿ ಅಂತ ಆನ್‌ಲೈನ್‌ನಲ್ಲಿ ಒಂದು ಪೆಟ್ಟಿಗೆ ಫ್ರೀಜ್-ಡ್ರೈ ಊಟ, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಿದ, ಬಿಸಿನೀರು ಹಾಕಿ ತಿನ್ನುವ ಊಟ ತರಿಸಿದ್ದ. ಪುಲಾವ್, ಖಿಚಡಿ, ಉಪ್ಪಿಟ್ಟು, ರಾಜ್ಮಾ ಅನ್ನ, ಜೊತೆಗೆ ಮಾವು, ಹಲಸಿನ ತೊಳೆ. ನಾನೂ ಅದೇ ಹೊತ್ತಿಗೆ ಮನೆಯಲ್ಲಿ ಆಪತ್ತಿಗೆ ಅಂತ ಒಂದು ಡಬ್ಬಿ ಆಹಾರ ಎತ್ತಿಡಬೇಕು ಅಂದುಕೊಂಡಿದ್ದೆ. ಅಷ್ಟು ದೂರ ಹೋಗಿ ತಿನ್ನೋಕಾಗದೆ ಒದ್ದಾಡುವ ಬದಲು ಹತ್ತಿರದಲ್ಲೇ ಎರಡು ರಾತ್ರಿ ಇದನ್ನೇ ತಿಂದು ನೋಡೋಣ ಅಂತ ಹೊರಟೆವು. ದಾವಣಗೆರೆಯಿಂದ ಚಿತ್ರದುರ್ಗ, ಅಲ್ಲಿಂದ ಹಿರಿಯೂರು, ಅಲ್ಲಿಂದ ಮಾರಿಕಣಿವೆ ಅಂತಲೂ ಕರೆಯುವ ವಾಣಿವಿಲಾಸ ಸಾಗರ ಅಣೆಕಟ್ಟೆಯ ಕಡೆ ನಮ್ಮ ಯಜಮಾನರ ಚಿಕ್ಕಪ್ಪನ ತೆಂಗಿನ ತೋಟ. ನಾವು ಐದು ಜನ: ನಾನು, ಯಜಮಾನರು, ತಮ್ಮ, ಆರನೇ ಕ್ಲಾಸಿನ ಮಗಳು, ನಮ್ಮ ಅತ್ತೆ.

ತಮ್ಮನಿಗೆ ಮೊದಲು ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದಲ್ಲೇ ಟೆಂಟ್ ಹಾಕುವ ಆಸೆ ಇತ್ತು. ದಯವಿಟ್ಟು ಆ ಯೋಚನೆ ಮಾಡಬೇಡಿ. ಅದು ಕಾಯ್ದಿಟ್ಟ ಕಾಡು. ಕರಡಿ, ಚಿರತೆ ಓಡಾಡುವ ಜಾಗ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯೋದು, ಒಲೆ ಹಚ್ಚೋದು ತಪ್ಪು. ಬೇಸಿಗೆಯಲ್ಲಿ ಅಲ್ಲಿನ ಹುಲ್ಲಿಗೆ ಒಂದು ಕಿಡಿ ಸಾಕು. ಗೊತ್ತಿದ್ದವರ ತೋಟ, ಹೊಲ ಇದ್ದರೆ ಅದೇ ವಾಸಿ. ಟೆಂಟನ್ನು ಮಾತ್ರ ತೆಂಗಿನ ಮರದ ಕೆಳಗೆ ಹಾಕಬೇಡಿ. ಕಾಯಿ ಬೀಳುತ್ತೆ, ಗರಿ ಬೀಳುತ್ತೆ.

ನಾವು ಹೋಗಿದ್ದು ನವೆಂಬರ್‌ನಲ್ಲಿ. ಬೆಳಿಗ್ಗೆ ಆರಕ್ಕೆ ದಾವಣಗೆರೆ ಬಿಟ್ಟೆವು. ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಬಿಸಿಲು ಏರುವ ಮುಂಚೆ ಕೋಟೆ ಹತ್ತಿಬಿಡಬೇಕು, ಕಲ್ಲು ಕಾದರೆ ಮಕ್ಕಳಿಗೆ, ವಯಸ್ಸಾದವರಿಗೆ ಕಷ್ಟ. ಕೋಟೆಯೊಳಗೆ ಅಡುಗೆ ಮಾಡುವ ಹಾಗಿಲ್ಲ, ಮಾಡಲೂಬಾರದು. ಅದಕ್ಕೇ ಅಲ್ಲಿ ತಿನ್ನಲು ಫ್ರೀಜ್-ಡ್ರೈ ಹಣ್ಣು ಇಟ್ಟುಕೊಂಡಿದ್ದೆವು. ನೀರು ಬೇಡ, ಹಾಗೇ ತಿನ್ನಬಹುದು. ಹಲಸಿನ ತೊಳೆ ಹಪ್ಪಳದ ಹಾಗೆ ಕರುಂ ಅನ್ನುತ್ತೆ, ನಾಲಿಗೆ ಮೇಲೆ ಕರಗಿ ಪೂರ್ತಿ ಹಣ್ಣಿನ ರುಚಿ ಬರುತ್ತೆ. ಎಲ್ಲರಿಗೂ ಇಷ್ಟ ಆಗಿದ್ದು ಅದೊಂದೇ. ಆದರೆ ಕೋಟೆಯ ಮಂಗಗಳಿಗೆ ಪೊಟ್ಟಣದ ಚರಪರ ಸದ್ದು ಚೆನ್ನಾಗಿ ಗೊತ್ತು. ಮಗಳ ಕೈಯಲ್ಲಿದ್ದ ಮಾವಿನ ಪೊಟ್ಟಣ ಕ್ಷಣದಲ್ಲಿ ಹೋಯಿತು, ಅವಳ ಮುಂಗೈ ತರಚಿತು. ಮನೆಯಲ್ಲೇ ಹಣ್ಣನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿಕೊಳ್ಳಿ. ಸುತ್ತ ನೋಡಿಕೊಂಡು ತೆಗೆಯಿರಿ.

ಕೋಟೆಯಲ್ಲಿ ಎಲ್ಲರೂ ಓಬವ್ವನ ಕಿಂಡಿ ನೋಡಿ ಬರುತ್ತಾರೆ. ಅದರ ಜೊತೆಗೆ ಕಣಜ, ಎಣ್ಣೆ ಕೊಳ, ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ಇಷ್ಟನ್ನೂ ನಿಧಾನಕ್ಕೆ ನೋಡಿ ಅಂತ ನಾನು ಹೇಳುತ್ತೇನೆ. 1779ರಲ್ಲಿ ಹೈದರ್ ಅಲಿಯ ಕೈಗೆ ಹೋಗುವವರೆಗೂ ಈ ಕೋಟೆ ಎಷ್ಟೋ ಮುತ್ತಿಗೆ ಕಂಡಿದೆ. ಮೇಲಿನ ಹೊಂಡ ತುಂಬಿದ ನೀರು ಕೆಳಗಿನ ಹೊಂಡಕ್ಕೆ ಇಳಿಯುವ ಹಾಗೆ ಕಟ್ಟಿದ್ದಾರೆ. ಕಾಳು ಒಂದು ಕಡೆ, ಎಣ್ಣೆ ಒಂದು ಕಡೆ, ನೀರು ಒಂದು ಕಡೆ. ಆ ನೀರಿನ ಏರ್ಪಾಡು ಎಷ್ಟು ದೊಡ್ಡ ವಿಷಯ ಅಂತ ನನಗೆ ಅರ್ಥ ಆಗಿದ್ದು ಅವತ್ತು ರಾತ್ರಿ.

ಈ ಊಟ ಹೇಗೆ ತಯಾರಾಗುತ್ತೆ ಅನ್ನೋದನ್ನ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದು ಸುಲಭ ಆಗುತ್ತೆ. ಬೇಯಿಸಿದ ಅಡುಗೆಯನ್ನು ಸೊನ್ನೆಗಿಂತ ಎಷ್ಟೋ ಕೆಳಗೆ, ಸುಮಾರು ಮೈನಸ್ 40 ಡಿಗ್ರಿವರೆಗೆ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಯಂತ್ರದೊಳಗಿನ ಗಾಳಿಯನ್ನೆಲ್ಲ ಎಳೆದು, ಮೆಲ್ಲಗೆ ಶಾಖ ಕೊಡುತ್ತಾರೆ. ಆಗ ಒಳಗಿನ ಮಂಜು ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಬೀರುವಿನಲ್ಲಿಟ್ಟ ಡಾಂಬರು ಗುಳಿಗೆ ಒದ್ದೆಯಾಗದೆ ಸವೆದು ಮಾಯ ಆಗುತ್ತಲ್ಲ, ಹಾಗೆ. ಬಿಸಿಲಿಗೆ ಒಣಗಿಸಿದ ಬಾಳಕದ ಮೆಣಸಿನಕಾಯಿ ಸುಕ್ಕಾಗುತ್ತದೆ. ಇದು ಸುಕ್ಕಾಗುವುದಿಲ್ಲ. ಮಂಜು ಇದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಬಿಸಿನೀರು ಹಾಕಿದರೆ ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದೆ. ಒಂದು ಸರದಿಗೆ ಎಷ್ಟೋ ಸಲ ಒಂದು ದಿನಕ್ಕೂ ಜಾಸ್ತಿ ಯಂತ್ರ ಓಡಬೇಕು. ಬೆಲೆ ಜಾಸ್ತಿ ಇರುವುದು ಅದಕ್ಕೇ. ಮನೆಯ ಫ್ರಿಜ್‌ನಲ್ಲಿ ಇದನ್ನು ಮಾಡಲು ಆಗುವುದಿಲ್ಲ.

ಹಿರಿಯೂರು ದಾಟಿ ತೋಟ ಸೇರುವಾಗ ಸಂಜೆ ಐದು. ಟೆಂಟ್ ಹಾಕಿದೆವು. ಸಣ್ಣ ಗ್ಯಾಸ್ ಒಲೆ ಹಚ್ಚಿದರೆ ಗಾಳಿಗೆ ಉರಿ ನಿಲ್ಲಲೊಲ್ಲದು. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಂತಿಲ್ಲ. ಗಾಳಿ ಬರುವ ಕಡೆಗೆ ಮಾತ್ರ ತಗಡಿನ ಮರೆ ಕಟ್ಟಿ. ಗ್ಯಾಸ್ ಡಬ್ಬಿಯ ಸುತ್ತ ಪೂರ್ತಿ ಮುಚ್ಚಬೇಡಿ, ಡಬ್ಬಿ ಕಾದರೆ ಅಪಾಯ. ಒಂದೂವರೆ ಲೀಟರ್ ನೀರು ಕುದಿಯಲು ಇಪ್ಪತ್ತು ನಿಮಿಷದ ಮೇಲೆ ಹಿಡಿಯಿತು.

ಮೊದಲ ತಪ್ಪು ಅಲ್ಲೇ ಆಯಿತು. ಪೊಟ್ಟಣದೊಳಗೆ ಚೀಟಿಯಂಥ ಒಂದು ಬಿಳಿ ಪುಟ್ಟ ಚೀಲ ಇರುತ್ತದೆ. ಒಳಗೆ ಕಬ್ಬಿಣದ ಪುಡಿ. ಆ ಪುಡಿ ತುಕ್ಕು ಹಿಡಿಯುತ್ತಾ ಪೊಟ್ಟಣದ ಆಮ್ಲಜನಕವನ್ನೆಲ್ಲ ಹೀರುತ್ತದೆ. ಊಟ ಕೆಡದೆ ಉಳಿಯಲು ಅದೂ ಒಂದು ಕಾರಣ. ಮಗಳು ಅದನ್ನು ತೆಗೆಯದೆ ನೀರು ಹಾಕಿಬಿಟ್ಟಳು. ಚಮಚ ಆಡಿಸಿದಾಗ ಖಿಚಡಿಯ ಮಧ್ಯದಿಂದ ಚೀಟಿ ಮೇಲೆ ಬಂತು. ಮೂಲೆ ಹರಿದಿತ್ತು, ಸುತ್ತಲಿನ ಅನ್ನಕ್ಕೆ ಕಪ್ಪು ಪುಡಿ ಅಂಟಿತ್ತು. ಆ ಪೊಟ್ಟಣ ಪೂರ್ತಿ ಚೆಲ್ಲಿದೆವು. ಮಕ್ಕಳ ಕೈಗೆ ಕೊಡುವ ಮೊದಲು ನೀವೇ ಹರಿದು, ಚೀಟಿ ತೆಗೆದು ಕೊಡಿ.

ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಇದೇನವ್ವಾ, ಹಗೇವು ಮಾಡೋ ಕೆಲ್ಸನ ಇಷ್ಟ್ ಸಣ್ಣ ಚೀಟಿ ಮಾಡ್ತತಾ?" ಅಂದರು. ಅವರ ತವರು ಜಗಳೂರು ಕಡೆ. ಅವರ ಅಪ್ಪ ಅಂಗಳದ ಹಗೇವಿನಲ್ಲಿ ಜೋಳ ತುಂಬಿಸುತ್ತಿದ್ದರಂತೆ. ನೆಲದೊಳಗಿನ ಗುಂಡಿ, ಸುತ್ತ ಹುಲ್ಲು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಒಳಗೆ ಗಾಳಿ ಸಾಯುತ್ತದೆ, ಹುಳವೂ ಸಾಯುತ್ತದೆ. ಬಾಯಿ ತೆಗೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡೋದು, ದೀಪ ಆರಿದರೆ ಇನ್ನೂ ಕಾಯೋದು. ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ ಅಂತ ನನಗೆ ಅನಿಸಿತು. ಕಾಳಿಗೆ ಗಾಳಿ ತಾಗದಂತೆ ನೋಡಿಕೊಳ್ಳುವ ವಿದ್ಯೆ ನಮ್ಮಲ್ಲಿ ಮನೆ ಮನೆಯಲ್ಲಿತ್ತು.

ಪೊಟ್ಟಣದ ಮೇಲೆ 8 ನಿಮಿಷ ಅಂತ ಬರೆದಿತ್ತು. ಎಂಟು ನಿಮಿಷಕ್ಕೆ ತೆರೆದರೆ ಬಟಾಣಿ ಹಲ್ಲಿಗೆ ಕಟ್ಟನೆ ಸಿಕ್ಕಿತು, ರಾಜ್ಮಾದ ನಡುವೆ ಒಣ ಹಿಟ್ಟು. ಕೆಳಗಿನ ಎರಡು ಮೂಲೆಯಲ್ಲಿ ಮಸಾಲೆ ಪುಡಿ ಹಾಗೇ ಕೂತಿತ್ತು. ಮಾರನೇ ದಿನ ಹೀಗೆ ಮಾಡಿದೆವು: ಮುಕ್ಕಾಲು ನೀರು ಹಾಕಿ ತಳದಿಂದ ಕಲಸೋದು, ಮೂಲೆಗಳನ್ನು ಬೆರಳಿಂದ ಹಿಸುಕೋದು, ಉಳಿದ ನೀರು ಹಾಕೋದು, ಬಾಯಿ ಮುಚ್ಚಿ ದಪ್ಪ ಟವೆಲ್‌ನಲ್ಲಿ ಸುತ್ತಿ 15 ನಿಮಿಷ ಬಿಡೋದು. ಅನ್ನ ಬಿಡಿ ಬಿಡಿಯಾಗಿ ಅರಳಿತು. ಎತ್ತರದ ಜಾಗಕ್ಕೆ ಹೋಗುವವರು ಇನ್ನೂ ಐದು ನಿಮಿಷ ಸೇರಿಸಿ. 12,500 ಅಡಿಯಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ, ಅಲ್ಲಿ ಕುದಿ ಬಂದರೂ ಬಿಸಿ ಕಡಿಮೆ.

ರುಚಿ ಬಗ್ಗೆ ಹೇಳಬೇಕಂದ್ರೆ, ಖಿಚಡಿ, ಉಪ್ಪಿಟ್ಟು ಚೆನ್ನಾಗಿದ್ದವು. ಪನೀರ್ ಇದ್ದದ್ದು ಬೇಡ, ರಬ್ಬರಿನ ಹಾಗೆ. ಉಪ್ಪು ಎಲ್ಲದರಲ್ಲೂ ಜಾಸ್ತಿ. ಬಿಪಿ ಇರುವ ಅತ್ತೆಗೆ ಎರಡು ತುತ್ತಿಗಿಂತ ಹೆಚ್ಚು ಕೊಡಲಿಲ್ಲ, ಅವರು ತಂದಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದರು. ಇನ್ನೊಂದು ವಿಷಯ: 70 ಗ್ರಾಂ ಪೊಟ್ಟಣದಲ್ಲಿ ಹೆಚ್ಚೂಕಡಿಮೆ 300 ಕ್ಯಾಲೊರಿ ಅಷ್ಟೇ. ಕೋಟೆ ಹತ್ತಿ ಇಳಿದ ಗಂಡಸರಿಗೆ ಒಂದು ಪೊಟ್ಟಣ ಯಾವ ಮೂಲೆಗೂ ಸಾಲಲಿಲ್ಲ. "ಒಬ್ಬರಿಗೆ" ಅಂತ ಬರೆದದ್ದನ್ನು ನಂಬದೆ ಕ್ಯಾಲೊರಿ ಎಷ್ಟು ಅಂತ ಓದಿ ತೆಗೆದುಕೊಳ್ಳಿ.

ಈಗ ನೀರಿನ ಮಾತು. ನಾನು ಈ ಬರಹ ಬರೆಯುತ್ತಿರುವುದೇ ಇದಕ್ಕಾಗಿ. ನಮ್ಮದು ಐದು ಜನ, ನಾಲ್ಕು ಹೊತ್ತು, ಅಂದರೆ 20 ಪೊಟ್ಟಣ. ಒಂದಕ್ಕೆ 70 ಗ್ರಾಂ ಲೆಕ್ಕದಲ್ಲಿ ಒಟ್ಟು 1.4 ಕೆಜಿ. ಹಗುರ ಅಲ್ವಾ? ಒಂದಕ್ಕೆ 250 ಮಿಲಿ ನೀರು ಬೇಕು. ಇಪ್ಪತ್ತಕ್ಕೆ 5 ಲೀಟರ್. ಎರಡೂ ಸೇರಿ 6.4 ಕೆಜಿ ಆಯಿತು. ಬಿಸಿ ಮಾಡಿ ತಿನ್ನುವ ಮಾಮೂಲಿ ರೆಡಿ ಊಟದ 300 ಗ್ರಾಂ ಪೊಟ್ಟಣ 20 ತಂದಿದ್ದರೆ 6 ಕೆಜಿ. ಹೋದ ಜಾಗದಲ್ಲಿ ಝರಿ ಇದ್ದರೆ ಫ್ರೀಜ್-ಡ್ರೈ ಊಟಕ್ಕೆ ಸಮ ಇಲ್ಲ. ನೀರನ್ನೂ ಹೊತ್ತೊಯ್ಯಬೇಕಾದ ಬಯಲುಸೀಮೆಯಲ್ಲಿ ಅದರಿಂದ ಒಂದು ಗ್ರಾಂ ಕೂಡ ಉಳಿಯುವುದಿಲ್ಲ.

ತೋಟದಲ್ಲಿ ಬೋರ್‌ವೆಲ್ ಇದೆ ಅಂತ ನಾವು ನಿಶ್ಚಿಂತೆಯಿಂದ ಹೋಗಿದ್ದೆವು. ಚಿಕ್ಕಪ್ಪ ತಡೆದರು. "ಅದು ಗಿಡಕ್ಕೆ, ಕುಡಿಯಾಕಲ್ಲ. ಫ್ಲೋರೈಡ್ ಐತಿ." ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಯ ಎಷ್ಟೋ ಊರಿನ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕೆರೆ, ಕಾಲುವೆ ನೀರಿನ ಕ್ರಿಮಿಗೆ ಕುದಿಸುವುದು ಮದ್ದು, ಫ್ಲೋರೈಡಿಗೆ ಅಲ್ಲ. ತಮ್ಮ, ಯಜಮಾನರು ಕತ್ತಲಲ್ಲೇ ಹತ್ತಿರದ ಹಳ್ಳಿಯ ಶುದ್ಧ ನೀರಿನ ಘಟಕಕ್ಕೆ ಹೋಗಿ, 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿ ತಂದರು. ನೀವು ಹೋಗುವಾಗ ಖಾಲಿ ಕ್ಯಾನ್, ಚಿಲ್ಲರೆ ನಾಣ್ಯ ಎರಡನ್ನೂ ಮರೆಯದೆ ಇಟ್ಟುಕೊಳ್ಳಿ. ಬೆಳಕಿರುವಾಗಲೇ ತುಂಬಿಸಿಕೊಳ್ಳಿ.

ನೀರು ಹಾಕಿದ ಮೇಲೆ ಇದು ಮಾಮೂಲಿ ಅನ್ನದ ಹಾಗೇ. ಒಣಗಿಸಿದಾಗ ಕ್ರಿಮಿಗಳೆಲ್ಲ ಸಾಯುವುದಿಲ್ಲ, ನೀರಿಲ್ಲದೆ ಮಲಗಿರುತ್ತವೆ. ಎರಡು ಗಂಟೆಯೊಳಗೆ ತಿಂದು ಮುಗಿಸಿ, ಬೆಳಿಗ್ಗೆಗೆ ಅಂತ ಎತ್ತಿಡಬೇಡಿ.

ಭಾನುವಾರ ಮಧ್ಯಾಹ್ನ ಚಿಕ್ಕಮ್ಮ ಮುದ್ದೆ, ಸೊಪ್ಪಿನ ಸಾರು ಮಾಡಿ ಬಡಿಸಿದರು. ಅದನ್ನುಂಡು ಅಣೆಕಟ್ಟೆಗೆ ಹೋದೆವು. ವೇದಾವತಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ್ದು. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆ ವರ್ಷ ಹಿನ್ನೀರು ಹೊಸದುರ್ಗದ ಕಡೆ ತೋಟಗಳಿಗೆ ನುಗ್ಗಿತ್ತು. ಬರಗಾಲಕ್ಕೆ ಹೆಸರಾದ ಜಿಲ್ಲೆಯಲ್ಲೂ ಹೀಗಾಗುತ್ತದೆ. ನಮ್ಮ ಹರಿಹರದಲ್ಲಿ ತುಂಗಭದ್ರೆ ಉಕ್ಕಿದಾಗ ನದಿ ದಂಡೆಯ ಮನೆಯವರ ಪಾಡನ್ನು ನಾನು ಕಣ್ಣಾರೆ ನೋಡಿದ್ದೇನೆ. ಸುತ್ತ ನೀರು, ಕುಡಿಯಲು ಒಂದು ಲೋಟ ಇಲ್ಲ, ಒಲೆ ಹಚ್ಚಲು ಒಣ ಜಾಗ ಇಲ್ಲ.

ಅದಕ್ಕೇ ಮನೆಗೆ ಬಂದ ಮೇಲೆ ಆಪತ್ತಿನ ಡಬ್ಬಿಯನ್ನು ಬೇರೆ ಥರ ತುಂಬಿಸಿದೆ. ಮೊದಲ ಜಾಗ ನೀರಿಗೆ: ಒಬ್ಬರಿಗೆ ದಿನಕ್ಕೆ 4 ಲೀಟರ್, ಮೂರು ದಿನಕ್ಕೆ. ಆಮೇಲೆ ಒಲೆಯೇ ಬೇಡದ ಆಹಾರ. ನಮ್ಮ ಊರಿನ ಮಂಡಕ್ಕಿ, ಹುರಿಗಡಲೆ, ಬೆಲ್ಲ, ಅವಲಕ್ಕಿ, ರಾಗಿ ಹುರಿಹಿಟ್ಟು. ಮಂಡಕ್ಕಿ ಬೇಗ ಮೆತ್ತಗಾಗುತ್ತದೆ, ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ. ಜೊತೆಗೆ ತಣ್ಣಗೂ ತಿನ್ನಬಹುದಾದ ರೆಡಿ ಊಟದ ಪೊಟ್ಟಣ ಹತ್ತು. ಇವನ್ನು ಪೊಟ್ಟಣ ಸಮೇತ ಸುಮಾರು 121 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ, ನೀರು ಒಳಗೇ ಇರುತ್ತದೆ. ನಮ್ಮ ಸೈನಿಕರಿಗೆ ಇಂಥ ಊಟವನ್ನು ರೂಪಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ಫ್ರೀಜ್-ಡ್ರೈ ಪೊಟ್ಟಣ ಆರು ಇಟ್ಟಿದ್ದೇನೆ, ಅಷ್ಟೇ.

25 ವರ್ಷ ಕೆಡುವುದಿಲ್ಲ ಅಂತ ನೀವು ಕೇಳಿರಬಹುದು. ಅದು ಗಾಳಿ ತೆಗೆದು ತಗಡಿನ ಡಬ್ಬಿಯಲ್ಲಿ ಮುಚ್ಚಿದ, ಜಿಡ್ಡು ಕಡಿಮೆ ಇರುವ, ತಂಪಾದ ಜಾಗದಲ್ಲಿಟ್ಟ ಆಹಾರಕ್ಕೆ. ಫ್ರೀಜ್-ಡ್ರೈ ಮಾಡಿದರೆ ನೀರು ಹೋಗುತ್ತದೆ, ತುಪ್ಪ ಎಣ್ಣೆ ಹೋಗುವುದಿಲ್ಲ. ಅದು ದಿನ ಕಳೆದಂತೆ ಕಮಟು ಹಿಡಿಯುತ್ತದೆ. ನಾವು ತಂದ ಪೊಟ್ಟಣಗಳ ಮೇಲೆ ಇದ್ದದ್ದು 12 ತಿಂಗಳು. ನಮ್ಮ ಕಡೆ ಬೇಸಿಗೆಯಲ್ಲಿ ಆರ್‌ಸಿಸಿ ಕೆಳಗಿನ ಅಟ್ಟ ಕಾದ ಹೆಂಚಿನಂತೆ ಇರುತ್ತದೆ, ಅಲ್ಲಿಡಬೇಡಿ. ನಾನು ದೇವರ ಕೋಣೆ ಪಕ್ಕದ ಕೆಳಗಿನ ಗೂಡಿನಲ್ಲಿ ಇಟ್ಟು, ಮುಚ್ಚಳದ ಮೇಲೆ ತಿಂಗಳು ಬರೆದ ಚೀಟಿ ಅಂಟಿಸಿದ್ದೇನೆ.

ತಮ್ಮ ಡಿಸೆಂಬರ್‌ನಲ್ಲಿ ಹೊರಡುತ್ತಾನೆ. ಅವನು ಹೋಗುವ ದಾರಿಯಲ್ಲಿ ನೀರು ಸಿಗುತ್ತದೆ, ಹಾಗಾಗಿ ಪೊಟ್ಟಣಗಳು ಅವನಿಗೆ ಸರಿ. ಪನೀರಿನವನ್ನು ಬಿಟ್ಟಿದ್ದಾನೆ, ರಾತ್ರಿಗೆ ಎರಡೆರಡು ಇಟ್ಟುಕೊಂಡಿದ್ದಾನೆ. ಅತ್ತೆ ಹುರಿಹಿಟ್ಟಿಗೆ ಬೆಲ್ಲದ ಪುಡಿ, ಏಲಕ್ಕಿ ಸೇರಿಸಿ ಒಂದು ಕೆಜಿ ಕಟ್ಟಿ ಕೊಟ್ಟಿದ್ದಾರೆ. ಅದನ್ನು ಬ್ಯಾಗಿನ ಮೇಲಿನ ಜೇಬಿಗೆ ಹಾಕಿಕೊಂಡಿದ್ದಾನೆ, ಕೈಗೆ ಬೇಗ ಸಿಗಲಿ ಅಂತ.