ಪಾರ್ಲರ್ ಅಕ್ಕನಿಗೆ ಹೇಳಿಯೇ ಬಂದೆ

ಮೈಸೂರಿನ ಕುವೆಂಪುನಗರದಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಅಕ್ಕನ ಪಾರ್ಲರ್. 11 ವರ್ಷ ನನ್ನ ಕೂದಲು ಅವರ ಕೈಲೇ ಇತ್ತು. ಮದುವೆಗೆ ಜಡೆ ಹೆಣೆದವರು ಅವರೇ. ಬಾಣಂತನ ಆದ್ಮೇಲೆ ಕೂದಲು ಉದುರಿದಾಗ ‘ಮತ್ತೆ ಬರುತ್ತೆ ಬಿಡಮ್ಮ’ ಅಂದವರೂ ಅವರೇ.

ಹೋದ ವರ್ಷ ಡೈ ಹಾಕಿಸಿಕೊಂಡ ಎರಡನೇ ದಿನ ಕಿವಿಯ ಹಿಂದೆ ಕೆರೆತ, ಹಣೆಯೆಲ್ಲ ಊತ. ಚರ್ಮದ ಡಾಕ್ಟರು ಬೆನ್ನಿಗೆ ಪ್ಯಾಚ್ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡಿದರು. ಪಿಪಿಡಿ ಅನ್ನೋ ರಾಸಾಯನಿಕದ ಅಲರ್ಜಿ. ಎಷ್ಟೋ ಕಪ್ಪು ಡೈಗಳಲ್ಲಿ ಇರೋದು ಅದೇ. ಕಪ್ಪು ಮೆಹಂದಿ ಅಂತ ಮಾರುವ ಪುಡಿಗಳಲ್ಲೂ ಇರಬಹುದು. ಬರೀ ಗೋರಂಟಿ ಸೊಪ್ಪು ಕೆಂಪು ಬಣ್ಣ ಕೊಡುತ್ತೆ, ಕಪ್ಪಲ್ಲ ಅಲ್ವಾ? ಅಕ್ಕನಿಗೆ ಹೇಳಿದೆ. ‘ಈ ಮೆಹಂದಿ ನ್ಯಾಚುರಲ್ಲು’ ಅಂತ ಕಪ್ಪು ಪುಡಿ ಕಲಸಿ ಹಚ್ಚಿದರು. ಮತ್ತೆ ಊತ.

ಸುಮ್ನೆ ಹೋಗೋದು ನಿಲ್ಲಿಸಬಹುದಿತ್ತು. ಆದರೆ ದಿನಾ ಅದೇ ರಸ್ತೆಯಲ್ಲಿ ಹೂವು ತರಬೇಕು. ಮುಖ ತಪ್ಪಿಸಿಕೊಂಡು ಓಡಾಡೋದು ನನ್ನ ಕೈಲಾಗಲ್ಲ. ಅದಕ್ಕಿಂತ ಜಾಸ್ತಿ, ಅವರಿಗೆ ಕಾರಣ ಗೊತ್ತಾಗಬೇಕಿತ್ತು.

ಯಾರೂ ಇಲ್ಲದ ಮಧ್ಯಾಹ್ನ ನೋಡಿ ಹೋದೆ. ಕುರ್ಚಿ ಮೇಲೆ ಕೂರಲಿಲ್ಲ.

‘ಅಕ್ಕ, ಇನ್ಮೇಲೆ ಕೂದಲಿಗೆ ಇಲ್ಲಿ ಬರಲ್ಲ. ಅದೇ ಬ್ರಷ್ಷು, ಅದೇ ಬಟ್ಟಲು ಅಂದ್ರೆ ನಂಗೆ ಭಯ. ನಿಮ್ಮ ಮೇಲೆ ಕೋಪ ಇಲ್ಲ.’

ಅಕ್ಕ ಮಡಿಸಿಟ್ಟಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದರು. ‘ಮೊದಲನೇ ಸಲ ಹೇಳಿದಾಗಲೇ ಕೇಳಬೇಕಿತ್ತು ಕಣಮ್ಮ.’ ನನ್ನ ಬೈತಲೆಯ ಬಿಳಿ ಕೂದಲನ್ನು ಬೆರಳಲ್ಲಿ ಸವರಿದರು. ಆಮೇಲೆ ಕಪಾಟಿನಿಂದ ಒಂದೊಂದೇ ಡಬ್ಬಿ ತೆಗೆದು, ಹಿಂದಿನ ಸಣ್ಣ ಅಕ್ಷರಗಳನ್ನು ನನ್ನ ಕೈಲೇ ಓದಿಸಿದರು.