ಕಕ್ಕಡದ ಮಳೆ, ಮಕ್ಕಳ ಬೆರಳು, ಟ್ಯಾಬ್‌ನ ಪಟ್ಟಿ

ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ಕೊಡವ ತಿಂಗಳಲ್ಲಿ, ಕೈತೋಟದ ಪಾಠದಿಂದ ಮಕ್ಕಳ ರಕ್ತಹೀನತೆ ತಗ್ಗಿತೇ ಎಂದು ನೋಡಲು ಕೊಡಗಿನ ಶಾಲೆಗಳಲ್ಲಿ ಹಿಮೋಗ್ಲೋಬಿನ್ ಅಳೆಯುವವರಿಗೆ ಮೊದಲ ತೊಡಕು ಮಕ್ಕಳ ತಣ್ಣಗಿನ ಬೆರಳು. ರಕ್ತ ಬರಲಿಲ್ಲವೆಂದು ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಂಕಿ ಇಳಿಯುತ್ತದೆ, ಇಲ್ಲದ ರಕ್ತಹೀನತೆ ಹುಟ್ಟಿಕೊಳ್ಳುತ್ತದೆ. ಬೆಚ್ಚಗಿನ ನೀರಲ್ಲಿ ಕೈ ಅದ್ದಿಸಿ, ಪೂರ್ತಿ ಒಣಗಿಸಿ, ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ. ಮೊದಲ ಹನಿ ಒರೆಸಿಬಿಡಿ. ಮಡಿಕೇರಿ ಸಾವಿರ ಮೀಟರಿಗೂ ಎತ್ತರ, ಎತ್ತರದ ಊರುಗಳಲ್ಲಿ ಹಿಮೋಗ್ಲೋಬಿನ್ ತುಸು ಹೆಚ್ಚೇ ಇರುತ್ತದೆ. ಎತ್ತರದ ಪಾಲು ಕಳೆದ ಮೇಲೆಯೇ 5ರಿಂದ 11 ವರ್ಷದವರ ಅಂಕಿಯನ್ನು ಡೆಸಿಲೀಟರಿಗೆ 11.5 ಗ್ರಾಂ ಎಂಬ ಗೆರೆಗೆ ಹೋಲಿಸಬೇಕು, ಅದಕ್ಕಿಂತ ಕೆಳಗಿದ್ದರೆ ರಕ್ತಹೀನತೆ.

ಇನ್ನು ಮಕ್ಕಳು ತಿಂದದ್ದನ್ನು ಗುರುತಿಸಿಕೊಳ್ಳುವ ಟ್ಯಾಬ್. ಆಹಾರದ ಪಟ್ಟಿಯಲ್ಲಿ ಕೆಂಬು (ಕೆಸು), ಕಕ್ಕಡದಲ್ಲಿ ತಿನ್ನುವ ಮದ್ದು ಸೊಪ್ಪು, ಕಣಿಲೆ (ಎಳೆ ಬಿದಿರು), ಗದ್ದೆಯ ಏಡಿ ಇಲ್ಲದಿದ್ದರೆ ಎಲ್ಲವೂ ‘ಇತರೆ’ಗೆ ಬೀಳುತ್ತವೆ. ಆಮೇಲೆ ‘ಇಲ್ಲಿನ ಮಕ್ಕಳು ಸೊಪ್ಪೇ ತಿನ್ನುವುದಿಲ್ಲ’ ಎಂಬ ಘನ ತೀರ್ಮಾನ! ಊಟದ ಜೊತೆ ಕಾಫಿ ಕುಡಿದರೇ ಅಂತಲೂ ಕೇಳಿ, ಕಬ್ಬಿಣಾಂಶದ ಹೀರಿಕೆಯನ್ನು ಅದು ತಗ್ಗಿಸುತ್ತದೆ. ಮಳೆಗೆ ನೆಟ್‌ವರ್ಕ್ ಹೋಗುವುದು ಮಾಮೂಲು, ಫಾರಂ ಆಫ್‌ಲೈನ್‌ನಲ್ಲೂ ಉಳಿಯಬೇಕು.

ಬರಿಗಾಲಲ್ಲಿ ಒದ್ದೆ ಮಣ್ಣು ತುಳಿಯುವ ಮಕ್ಕಳಿಗೆ ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳುವಿನ ಕಾಟವೂ ಇರಬಹುದು. ಆಗಸ್ಟ್ 10ರ ಸುಮಾರಿಗೆ ಶಾಲೆಗಳಲ್ಲಿ ಹುಳದ ಮಾತ್ರೆ ಅಲ್ಬೆಂಡಜೋಲ್ ಕೊಡುವುದರಿಂದ, ಮಾತ್ರೆ ನುಂಗಿದ ದಿನಾಂಕ ಬರೆದುಕೊಳ್ಳದಿದ್ದರೆ ಸುಧಾರಣೆ ಹುಳದ ಮಾತ್ರೆಯದೋ ಕೈತೋಟದ ಪಾಠದ್ದೋ ಗೊತ್ತಾಗುವುದಿಲ್ಲ. ಕಾಫಿ ಕುಯ್ಲಿನ ಹೊತ್ತಿಗೆ ತೋಟದ ಕಾರ್ಮಿಕರ ಲೈನ್‌ಮನೆಗಳ ಮಕ್ಕಳು ಬದಲಾಗಿರುತ್ತಾರೆ, ಹಳಬರು ಹೋಗಿ ಹೊಸಬರು ಬಂದಿರುತ್ತಾರೆ. ಶಾಲೆಯ ಸರಾಸರಿ ಬೇಡ, ಅದೇ ಮಗುವಿನ ಎರಡು ಅಳತೆಗಳನ್ನೇ ಹೋಲಿಸಿ.